ಬೆನ್ನ ಮೇಲೆ ಬರೆದ ಮನೆಹೆಸರು

2023ರ ಫೆಬ್ರವರಿ 12, ಭಾನುವಾರ. ಅಮೆರಿಕದ ಅರಿಜೋನಾ ರಾಜ್ಯದ ಗ್ಲೆಂಡೇಲ್ ಪಟ್ಟಣದಲ್ಲಿ ಅಂದು 'ಸೂಪರ್ ಬೌಲ್' ಪಂದ್ಯ. ಅಮೆರಿಕನ್ ಫುಟ್‌ಬಾಲಿನ ವರ್ಷದ ಕಟ್ಟಕಡೆಯ, ಅತಿ ದೊಡ್ಡ ಪಂದ್ಯ ಅದು. ಕಿಕ್ಕಿರಿದ ಕ್ರೀಡಾಂಗಣದಲ್ಲಿ ಎಲ್ಲರೂ ತಮ್ಮ ತಮ್ಮ ತಂಡದ ಬಣ್ಣ ತೊಟ್ಟು ಬಂದಿದ್ದರು. ಒಬ್ಬ ತಾಯಿ ಮಾತ್ರ ಎರಡೂ ತಂಡಗಳ ಬಣ್ಣಗಳನ್ನು ಅರ್ಧರ್ಧ ಸೇರಿಸಿ ಮಾಡಿಸಿದ ಮೇಲಂಗಿ ತೊಟ್ಟಿದ್ದರು. ಅವರ ಹೆಸರು ಡೊನ್ನಾ ಕೆಲ್ಸಿ. ಹಿರಿಯ ಮಗ ಜೇಸನ್ ಫಿಲಡೆಲ್ಫಿಯಾ ಈಗಲ್ಸ್ ತಂಡದಲ್ಲಿ, ಕಿರಿಯ ಮಗ ಟ್ರಾವಿಸ್ ಎದುರಿನ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡದಲ್ಲಿ. ಸೂಪರ್ ಬೌಲ್ ಪಂದ್ಯದಲ್ಲಿ ಅಣ್ಣತಮ್ಮಂದಿರು ಎದುರಾಳಿಗಳಾಗಿ ಆಡಿದ್ದು ಅದೇ ಮೊದಲು. ಒಬ್ಬ ಗೆದ್ದರೆ ಇನ್ನೊಬ್ಬ ಸೋಲಲೇಬೇಕು. ಆ ತಾಯಿ ಯಾರ ಗೆಲುವಿಗಾಗಿ ಹಾರೈಸಬೇಕು?

ಕೊನೆಗೆ 38-35 ಅಂಕಗಳಿಂದ ಕಿರಿಯನ ತಂಡ ಗೆದ್ದಿತು. ಆದರೆ ಅಂದು ಇಬ್ಬರ ಬೆನ್ನ ಮೇಲೂ ಒಂದೇ ಹೆಸರಿತ್ತು: ಕೆಲ್ಸಿ. ಆಟಗಾರರ ಬೆನ್ನ ಮೇಲಿನ ಈ ಮನೆಹೆಸರುಗಳ ಹಿಂದೆ ಎಂತೆಂಥ ಕಥೆಗಳಿವೆ ಎಂದು ನೋಡುತ್ತಾ ಹೋದರೆ, ಆಟಕ್ಕಿಂತ ಹೆಚ್ಚಾಗಿ ಕುಟುಂಬಗಳ ಚರಿತ್ರೆಯೇ ಕಣ್ಣಮುಂದೆ ಬರುತ್ತದೆ.

ಮುಖ ಕಾಣದ ಆಟ

ನಮ್ಮ ಊರಿನ ಮೈದಾನದಲ್ಲಿ ಮಕ್ಕಳು ಒದೆಯುವ ಫುಟ್‌ಬಾಲ್ ಬೇರೆ, ಇದು ಬೇರೆ. ಇಲ್ಲಿ ಚೆಂಡು ಎರಡು ತುದಿಯಲ್ಲಿ ಚೂಪಾದ ಮೊಟ್ಟೆಯ ಹಾಗಿರುತ್ತದೆ. ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಒಂದೊಂದು ಕಡೆ 11 ಮಂದಿ ನಿಂತು, ಚೆಂಡನ್ನು ಹಿಡಿದು ಓಡುತ್ತಾ, ಎಸೆಯುತ್ತಾ, ಎದುರಾಳಿಗಳನ್ನು ಮೈಮೇಲೆ ಬಿದ್ದು ಕೆಡವುತ್ತಾ ಮುಂದೆ ಸಾಗಬೇಕು. ಇದರ ವೃತ್ತಿಪರ ಕೂಟ ಶುರುವಾದದ್ದು 1920ರಲ್ಲಿ. ಈಗ ಅದನ್ನು ಎನ್‌.ಎಫ್‌.ಎಲ್‌. ಎನ್ನುತ್ತಾರೆ. ಅದರಲ್ಲಿ 32 ತಂಡಗಳಿವೆ.

ತಲೆಗೆ ಹೆಲ್ಮೆಟ್, ಮುಖಕ್ಕೆ ಕಂಬಿಯ ರಕ್ಷಣೆ, ಭುಜಕ್ಕೆ ದಪ್ಪನೆಯ ಪ್ಯಾಡು. ಇಷ್ಟೆಲ್ಲ ತೊಟ್ಟ ಮೇಲೆ ಹೆತ್ತ ತಾಯಿಗೂ ಮಗನ ಮುಖ ಕಾಣುವುದಿಲ್ಲ. ಗುರುತು ಸಿಗುವುದು ಬೆನ್ನ ಮೇಲಿನ ಅಂಕಿಯಿಂದ ಮತ್ತು ಹೆಸರಿನಿಂದ. ಮೊದಲು ಅಂಕಿ ಮಾತ್ರ ಇತ್ತು. 1960ರಲ್ಲಿ ಎ.ಎಫ್‌.ಎಲ್‌. ಎಂಬ ಹೊಸ ಪ್ರತಿಸ್ಪರ್ಧಿ ಕೂಟವು ತನ್ನ ಮೊದಲ ವರ್ಷದಿಂದಲೇ ಆಟಗಾರರ ಮನೆಹೆಸರನ್ನು ಜೆರ್ಸಿಯ ಬೆನ್ನ ಮೇಲೆ ಬರೆಸಿತು. 1970ರಲ್ಲಿ ಎರಡೂ ಕೂಟಗಳು ಒಂದಾದಾಗ ಎಲ್ಲ ತಂಡಗಳಿಗೂ ಅದೇ ಪದ್ಧತಿ ಬಂತು. ಹೀಗೆ ಮನೆಯ ಬಾಗಿಲ ಮೇಲೆ ಇರಬೇಕಾದ ಹೆಸರು ಇಡೀ ದೇಶ ನೋಡುವ ಹಾಗೆ ಮಗನ ಬೆನ್ನೇರಿತು.

ಕಮ್ಮಾರನ ಮಕ್ಕಳು, ಯೊವಾನ್ನನ ಮಕ್ಕಳು

ಈ ಆಟದಲ್ಲಿ ಚೆಂಡು ಹಿಡಿದು ಅತಿ ಹೆಚ್ಚು ದೂರ ಓಡಿದ ದಾಖಲೆ ಎಮಿಟ್ ಸ್ಮಿತ್ ಅವರದು: 18,355 ಗಜ. ಎದುರಾಳಿ ತಂಡದ ನಾಯಕ ಆಟಗಾರನನ್ನು ಚೆಂಡು ಎಸೆಯುವ ಮೊದಲೇ ಕೆಡವಿದ ದಾಖಲೆ ಬ್ರೂಸ್ ಸ್ಮಿತ್ ಅವರದು: 200 ಸಲ. ಇಬ್ಬರೂ ಸ್ಮಿತ್. ಆದರೆ ನೆಂಟರಲ್ಲ. ಅಮೆರಿಕದಲ್ಲಿ ಅತ್ಯಂತ ಸಾಮಾನ್ಯವಾದ ಮನೆಹೆಸರು ಅದು. 2010ರ ಜನಗಣತಿಯಲ್ಲಿ ಸುಮಾರು 24 ಲಕ್ಷ ಮಂದಿಗೆ ಆ ಹೆಸರಿತ್ತು. ಸ್ಮಿತ್ ಎಂದರೆ ಕಮ್ಮಾರ. ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಕಮ್ಮಾರ, ಬಡಿಗೇರ, ಕುಂಬಾರ ಎಂದು ಅಡ್ಡಹೆಸರು ಇರುವ ಹಾಗೆಯೇ ಇದು ಕಸುಬಿನಿಂದ ಬಂದ ಹೆಸರು.

ಗ್ರೀನ್ ಬೇ ಪ್ಯಾಕರ್ಸ್ ತಂಡದಲ್ಲಿ ಹೆಸರು ಮಾಡಿದ ಬ್ರೆಟ್ ಫಾರ್ವ್ ಸತತವಾಗಿ 297 ಪಂದ್ಯಗಳನ್ನು ಆರಂಭಿಸಿದ ಗಟ್ಟಿಗ. ಅವರ ಹೆಸರನ್ನು ಬರೆಯುವಾಗ ವಿ ಅಕ್ಷರ ಮೊದಲು, ಆರ್ ಆಮೇಲೆ. ಹೇಳುವಾಗ ಅದು ತಲೆಕೆಳಗು! ಅದು ಫ್ರೆಂಚ್ ಮೂಲದ ಹೆಸರು. ಅದರ ಅರ್ಥವೂ ಕಮ್ಮಾರ ಎಂದೇ. ಗೋವಾ, ಕಾಸರಗೋಡಿನ ನಮ್ಮ ಓದುಗರಿಗೆ ಪರಿಚಿತವಾದ ಫೆರೇರಾ ಎಂಬ ಪೋರ್ಚುಗೀಸ್ ಹೆಸರಿನ ಬೇರು ಕೂಡ ಕಬ್ಬಿಣಕ್ಕೆ ಸಂಬಂಧಿಸಿದ್ದೇ. ಭಾಷೆ ಬೇರೆ, ಸಮುದ್ರ ಬೇರೆ, ಕುಲುಮೆಯ ಬೆಂಕಿ ಒಂದೇ.

ಇನ್ನೊಂದು ಸಾಮಾನ್ಯ ಹೆಸರು ಜಾನ್ಸನ್. ಅಂದರೆ ಜಾನನ ಮಗ, ನಮ್ಮ ಬೈಬಲಿನ ಮಾತಿನಲ್ಲಿ ಯೊವಾನ್ನನ ಮಗ. ಫೆರ್ನಾಂಡಿಸ್ ಎಂದರೆ ಫೆರ್ನಾಂಡೊನ ಮಗ, ರೊಡ್ರಿಗಸ್ ಎಂದರೆ ರೊಡ್ರಿಗೊನ ಮಗ ಎಂಬ ಹಾಗೆ. 1958ರ ಅಂತಿಮ ಪಂದ್ಯದಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡವನ್ನು ಗೆಲ್ಲಿಸಿ ಇಡೀ ದೇಶದ ಕಣ್ಮಣಿಯಾದವರು ಜಾನಿ ಯುನೈಟಸ್. ಐದು ವರ್ಷದವರಿರುವಾಗಲೇ ತಂದೆಯನ್ನು ಕಳೆದುಕೊಂಡು, ತಾಯಿಯ ದುಡಿಮೆಯಲ್ಲಿ ಬೆಳೆದವರು. ಲಿಥುವೇನಿಯಾದಿಂದ ಬಂದ ವಲಸೆಗಾರರ ಮನೆತನ. ಅಲ್ಲಿನ ಯೊನೈಟಿಸ್ ಎಂಬ ಹೆಸರು ಅಮೆರಿಕದವರ ಬಾಯಲ್ಲಿ ಯುನೈಟಸ್ ಆಯಿತು. ಯೊನೈಟಿಸ್ ಎಂದರೂ ಯೊವಾನ್ನನ ಮಗನೇ! ಅಂದರೆ ಜಾನಿ ಯುನೈಟಸ್ ಎಂದರೆ 'ಯೊವಾನ್ನನ ಮಗ ಯೊವಾನ್ನ'.

ವಲಸೆ ಬಂದ ಎಷ್ಟೋ ಕುಟುಂಬಗಳು ಹೀಗೆ ಹೆಸರನ್ನು ಮೊಟಕು ಮಾಡಿಕೊಂಡವು. ಶಿಕಾಗೊ ಬೇರ್ಸ್ ತಂಡದ ಆಟಗಾರನಾಗಿ, ಆಮೇಲೆ ತರಬೇತುದಾರನಾಗಿ ಪ್ರಸಿದ್ಧರಾದ ಮೈಕ್ ಡಿಟ್ಕಾ ಅವರ ಮನೆತನದ ಮೂಲ ಹೆಸರು ಡಿಚ್ಕೊ. ಪೆನ್ಸಿಲ್ವೇನಿಯಾದ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ ಯಾರ ನಾಲಿಗೆಗೂ ಅದು ಹೊರಳಲಿಲ್ಲ. ಗಡಿಯಾಚೆ ನೆಲೆಸಿದ ನಮಗೆ ಇದು ಹೊಸದೇನಲ್ಲ. ಸೊಲ್ಲಾಪುರದ ಶಾಲೆಯಲ್ಲಿ ಅಡ್ಡಹೆಸರು ಕೇಳುತ್ತಾರೆ, ಹೊಸೂರಿನ ಶಾಲೆಯಲ್ಲಿ ಇನಿಷಿಯಲ್ ಕೇಳುತ್ತಾರೆ, ಕಾಸರಗೋಡಿನಲ್ಲಿ ಮನೆಹೆಸರು ಕೇಳುತ್ತಾರೆ. ಒಂದೇ ಕುಟುಂಬದ ಮೂವರ ಹೆಸರು ಮೂರು ದಾಖಲೆಗಳಲ್ಲಿ ಮೂರು ಬಗೆಯಾಗಿ ಇರುವುದನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ?

ಅಧ್ಯಕ್ಷನ ಹೆಸರು, ದಾಸರ ಮಕ್ಕಳಿಗೆ

ಕೆಲವು ಹೆಸರುಗಳಲ್ಲಿ ನೋವಿದೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್. ಅವರ ಹೊಲಗಳಲ್ಲಿ ದುಡಿದವರು ಆಫ್ರಿಕದಿಂದ ಹಿಡಿದು ತಂದವರ ಸಂತತಿಯ ದಾಸರು. 2000ದ ಜನಗಣತಿಯಲ್ಲಿ ವಾಷಿಂಗ್ಟನ್ ಎಂಬ ಮನೆಹೆಸರು ಇದ್ದವರು ಸುಮಾರು 1,63,000 ಮಂದಿ. ಅವರಲ್ಲಿ ನೂರಕ್ಕೆ 90 ಮಂದಿ ಕಪ್ಪುಜನರು. ದಾಸರ ಮನೆಹೆಸರನ್ನು ಲೆಕ್ಕಪುಸ್ತಕದಲ್ಲಿ ಬರೆಯುವ ರೂಢಿಯೇ ಹೆಚ್ಚಾಗಿ ಇರಲಿಲ್ಲ. 1865ರಲ್ಲಿ ದಾಸ್ಯ ತೊಲಗಿದ ಮೇಲೆ ಬಿಡುಗಡೆ ಹೊಂದಿದವರು ದಾಖಲೆಗೆ ಹೆಸರು ಬರೆಸಬೇಕಾಯಿತು. ಕೆಲವರು ಹಳೆಯ ಒಡೆಯನ ಹೆಸರು ಉಳಿಸಿಕೊಂಡರು, ಕೆಲವರು ತಾವು ಮೆಚ್ಚಿದ ಹೆಸರನ್ನು ಆರಿಸಿಕೊಂಡರು. ಅಪ್ಪನ ಅಪ್ಪನ ಹೆಸರು ಆಫ್ರಿಕದ ಯಾವ ಹಳ್ಳಿಯಲ್ಲಿ ಉಳಿಯಿತೋ ಯಾರಿಗೂ ತಿಳಿಯದು.

1933ರ ನಂತರ ಈ ಆಟದ ದೊಡ್ಡ ಕೂಟದಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನಿಗೂ ಜಾಗ ಕೊಡದೆ ಹನ್ನೆರಡು ವರ್ಷ ಕಳೆದವು. 1946ರ ಮಾರ್ಚ್ 21ರಂದು ಲಾಸ್ ಏಂಜಲೀಸ್ ರ್‍ಯಾಮ್ಸ್ ತಂಡ ಆ ಗೋಡೆಯನ್ನು ಒಡೆದು ಒಬ್ಬ ಕಪ್ಪು ಆಟಗಾರನೊಂದಿಗೆ ಒಪ್ಪಂದ ಮಾಡಿಕೊಂಡಿತು. ಅವರ ಹೆಸರು ಕೆನ್ನಿ ವಾಷಿಂಗ್ಟನ್.

ಇಬ್ಬರು ಗೆಳೆಯರು

2001ರಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ತಂಡಕ್ಕೆ ಒಂದೇ ಕಾಲೇಜಿನಿಂದ ಇಬ್ಬರು ಸೇರಿದರು. ಒಬ್ಬರು ಚಾಡ್ ಜಾನ್ಸನ್. ದೇಶದ ಅತಿ ಸಾಮಾನ್ಯ ಹೆಸರುಗಳಲ್ಲಿ ಒಂದು. ಇನ್ನೊಬ್ಬರು ಟಿ.ಜೆ. ಹುಷ್‌ಮಂದ್‌ಜಾದೆ. ಇಂಗ್ಲಿಷಿನಲ್ಲಿ ಬರೆದರೆ 14 ಅಕ್ಷರ. ಬೆನ್ನಿನ ಒಂದು ಭುಜದಿಂದ ಇನ್ನೊಂದು ಭುಜದವರೆಗೆ ಕಮಾನಿನಂತೆ ಬಾಗಿಸಿ ಬರೆಯಬೇಕಾಯಿತು. ತಂದೆ ಇರಾನಿನವರು. ಪಾರ್ಸಿ ಭಾಷೆಯಲ್ಲಿ ಆ ಹೆಸರಿಗೆ 'ಜಾಣನ ವಂಶದವನು' ಎಂದು ಅರ್ಥ.

ಜಾನ್ಸನ್ ಅವರ ಅಂಕಿ 85. ಅವರು ತಮಾಷೆಗೆ ತಮ್ಮನ್ನು 'ಓಚೊ ಸಿಂಕೊ' ಎಂದು ಕರೆದುಕೊಂಡರು. ಸ್ಪ್ಯಾನಿಷ್ ಭಾಷೆಯಲ್ಲಿ ಓಚೊ ಎಂದರೆ ಎಂಟು, ಸಿಂಕೊ ಎಂದರೆ ಐದು. 2006ರಲ್ಲಿ ಪಂದ್ಯಕ್ಕೆ ಮುಂಚೆ ಬೆನ್ನ ಮೇಲೆ ಹಾಗೆಂದು ಅಂಟಿಸಿಕೊಂಡಾಗ ಕೂಟ ಅವರಿಗೆ 5,000 ಡಾಲರ್ ದಂಡ ಹಾಕಿತು. 2008ರಲ್ಲಿ ಅವರು ಕಾನೂನು ಪ್ರಕಾರವೇ ಮನೆಹೆಸರನ್ನು ಓಚೊಸಿಂಕೊ ಎಂದು ಬದಲಿಸಿಕೊಂಡರು! ಸ್ಪ್ಯಾನಿಷ್ ಬಲ್ಲವರು ನಕ್ಕರು, ಏಕೆಂದರೆ ಎಂಬತ್ತೈದಕ್ಕೆ ಆ ಭಾಷೆಯಲ್ಲಿ ಹಾಗೆ ಹೇಳುವುದೇ ಇಲ್ಲ. ನಾಲ್ಕು ವರ್ಷ ಕಳೆದು 2012ರಲ್ಲಿ ಅವರು ಮತ್ತೆ ಜಾನ್ಸನ್ ಆದರು. ಯಾರೂ ಸರಿಯಾಗಿ ಉಚ್ಚರಿಸಲಾಗದ ಹೆಸರಿನ ಗೆಳೆಯ ಮಾತ್ರ ಒಂದಕ್ಷರವನ್ನೂ ಬಿಟ್ಟುಕೊಡಲಿಲ್ಲ.

ಉಚ್ಚಾರಣೆಗಾಗಿ ಹೆಸರನ್ನೇ ಬಾಗಿಸಿದ ಪ್ರಸಂಗವೂ ಇದೆ. 'ನೋಟ್ರ ಡಾಮ್' ಎಂದರೆ 'ನಮ್ಮ ಮಾತೆ'. 1842ರಲ್ಲಿ ಪವಿತ್ರ ಶಿಲುಬೆ ಸಭೆಯ ಗುರುಗಳು ಸ್ಥಾಪಿಸಿದ ಆ ಕಥೋಲಿಕ ವಿಶ್ವವಿದ್ಯಾಲಯದ ತಂಡದಲ್ಲಿ 1970ರಲ್ಲಿ ಜೋ ಥೀಸ್‌ಮನ್ ಎಂಬ ಒಳ್ಳೆಯ ಆಟಗಾರರಿದ್ದರು. ಕಾಲೇಜು ಆಟಗಾರರಿಗೆ ಸಿಗುವ ಅತಿ ದೊಡ್ಡ ಬಹುಮಾನದ ಹೆಸರು ಹೈಸ್‌ಮನ್. ಪ್ರಾಸ ಕೂಡಲಿ ಎಂದು ವಿಶ್ವವಿದ್ಯಾಲಯದ ಪ್ರಚಾರದ ಅಧಿಕಾರಿ ಆ ಹೆಸರನ್ನು 'ಥೈಸ್‌ಮನ್' ಎಂದು ಹೇಳುವಂತೆ ಮಾಡಿದರು. ಬಹುಮಾನ ಬೇರೆಯವರ ಪಾಲಾಯಿತು, ಇವರಿಗೆ ಎರಡನೆಯ ಸ್ಥಾನ. ಬದಲಾದ ಉಚ್ಚಾರಣೆ ಮಾತ್ರ ಹಾಗೆಯೇ ಉಳಿಯಿತು.

ಮೇಲೆ ಹೇಳಿದ ಕೆಲ್ಸಿ ಸಹೋದರರ ಕಥೆಯೂ ಹೀಗೆಯೇ. ಮನೆತನದ ಹಳೆಯ ಉಚ್ಚಾರಣೆ 'ಕೆಲ್ಸ್'. ತಂದೆ ಕೆಲಸ ಮಾಡುವ ಕಡೆ ಎಲ್ಲರೂ 'ಕೆಲ್ಸಿ' ಎನ್ನುತ್ತಿದ್ದರಂತೆ. ತಿದ್ದಿ ತಿದ್ದಿ ಸಾಕಾಗಿ ಅವರು ಸುಮ್ಮನಾದರು. ಮಕ್ಕಳ ಕಾಲಕ್ಕೆ ಅದೇ ಊರ್ಜಿತವಾಯಿತು.

ಸಂತರಲ್ಲದ 'ಸೇಂಟ್'

2021ರಲ್ಲಿ ಡೆಟ್ರಾಯಿಟ್ ಲಯನ್ಸ್ ತಂಡ ಸೇರಿದ ಆಮನ್-ರಾ ಸೇಂಟ್ ಬ್ರೌನ್ ಎಂಬ ಹೆಸರು ಕೇಳಿದರೆ, ಬ್ರೌನ್ ಎಂಬ ಸಂತರು ಯಾವ ಶತಮಾನದವರು ಎಂದು ನಮ್ಮವರು ಹುಡುಕಬಹುದು. ಹುಡುಕಬೇಡಿ! ತಂದೆ ಜಾನ್ ಬ್ರೌನ್ ಮಿಸ್ಟರ್ ಯೂನಿವರ್ಸ್ ಪ್ರಶಸ್ತಿ ಗೆದ್ದ ದೇಹದಾರ್ಢ್ಯ ಪಟು, ತಾಯಿ ಜರ್ಮನಿಯವರು. ಬ್ರೌನ್ ಎಂಬ ಹೆಸರು ತೀರಾ ಸಾಮಾನ್ಯ, ಜೆರ್ಸಿಯ ಮೇಲೆ ಎದ್ದು ಕಾಣುವುದಿಲ್ಲ ಎಂದು ತಂದೆಯೇ ಮಕ್ಕಳ ಮನೆಹೆಸರಿಗೆ ಮುಂದೆ 'ಸೇಂಟ್' ಎಂದು ಸೇರಿಸಿದರು. ಮಕ್ಕಳು ಚೆಂಡು ಹಿಡಿಯುವ ಮೊದಲೇ ಅಪ್ಪ ಅವರ ಬೆನ್ನಿನ ಹೆಸರು ಬರೆದಿಟ್ಟಿದ್ದರು. ಹಿರಿಯ ಮಗ ಇಕ್ವಾನಿಮಿಯಸ್ 2018ರಲ್ಲಿಯೇ ವೃತ್ತಿಪರ ತಂಡ ಸೇರಿದ್ದರು.

ಅಪ್ಪ ಕೊಟ್ಟ ಹೆಸರು ಎದ್ದು ಕಂಡಿತು, ಆದರೆ ದಾರಿ ಸುಲಭವಾಗಲಿಲ್ಲ. 2021ರ ಆಯ್ಕೆಯಲ್ಲಿ ಆಮನ್-ರಾ ಅವರ ಸ್ಥಾನದಲ್ಲಿ ಆಡುವ 16 ಮಂದಿಯನ್ನು ತಂಡಗಳು ಅವರಿಗಿಂತ ಮೊದಲು ಆರಿಸಿಕೊಂಡವು. ಆ 16 ಹೆಸರುಗಳನ್ನೂ ಅವರು ಇಂದಿಗೂ ಕ್ರಮವಾಗಿ ಬಾಯಿಪಾಠ ಹೇಳಬಲ್ಲರು. ಬೇರೆಯವರ ಹೆಸರುಗಳೇ ಅವರಿಗೆ ಹಠ ಕಲಿಸಿದವು.

ಸಾಕಿದವರ ಹೆಸರು

ಎಲ್ಲಕ್ಕಿಂತ ಮನಮುಟ್ಟುವವು ಕೃತಜ್ಞತೆಯಿಂದ ಸೇರಿಸಿದ ಹೆಸರುಗಳು.

ಮಾರಿಸ್ ಡ್ರೂ ಎಂಬ ಗಿಡ್ಡ ಹುಡುಗ ಕ್ಯಾಲಿಫೋರ್ನಿಯಾದಲ್ಲಿ ಓಟಗಾರನಾಗಿ ಬೆಳೆದ. ಅವನನ್ನು ಕೈಹಿಡಿದು ಬೆಳೆಸಿದವರು ತಾಯಿಯ ತಂದೆ ಮಾರಿಸ್ ಜೋನ್ಸ್. ಮೊಮ್ಮಗನಿಗೆ ಇಟ್ಟದ್ದು ತಾತನದೇ ಹೆಸರು. 2005ರ ಸೆಪ್ಟೆಂಬರಿನಲ್ಲಿ ಮೊಮ್ಮಗ ತನ್ನ ವಿಶ್ವವಿದ್ಯಾಲಯದ ಪರವಾಗಿ ಆಡುವುದನ್ನು ನೋಡಲು ತಾತ ಕ್ರೀಡಾಂಗಣಕ್ಕೆ ಬಂದರು. ಅಲ್ಲಿಯೇ ಹೃದಯಾಘಾತವಾಗಿ ಕುಸಿದರು. ಉಳಿಯಲಿಲ್ಲ. ಆಮೇಲೆ ಮೊಮ್ಮಗ ತನ್ನ ಮನೆಹೆಸರನ್ನು ಜೋನ್ಸ್-ಡ್ರೂ ಎಂದು ಬದಲಿಸಿಕೊಂಡ. 2006ರಲ್ಲಿ ಜ್ಯಾಕ್ಸನ್‌ವಿಲ್ ಜಾಗ್ವಾರ್ಸ್ ತಂಡ ಸೇರಿದ. ಮೊದಲ ಸುತ್ತಿನಲ್ಲಿ 32 ತಂಡಗಳೂ ತನ್ನನ್ನು ಕೈಬಿಟ್ಟವು ಎಂಬುದನ್ನು ಮರೆಯದಿರಲು 32 ಎಂಬ ಅಂಕಿಯನ್ನೇ ತೊಟ್ಟ. 2011ರಲ್ಲಿ 1,606 ಗಜ ಓಡಿ ಆ ವರ್ಷ ಇಡೀ ಕೂಟದಲ್ಲಿ ಎಲ್ಲರಿಗಿಂತ ಮುಂದೆ ನಿಂತ. ಅಂಕಿಯಲ್ಲಿ ಅವಮಾನದ ನೆನಪು, ಹೆಸರಿನಲ್ಲಿ ತಾತನ ನೆನಪು. ಓಡಿದ ಪ್ರತಿ ಗಜವನ್ನೂ ತಾತನ ಹೆಸರೂ ಓಡಿತು.

ಟ್ರಾಯ್ ಪೊಲಮಾಲು ಅವರ ಮೂಲ ಮನೆಹೆಸರು ಅವುಮುವಾ. ಸಮೋವಾ ದ್ವೀಪದ ಮನೆತನ. ಕ್ಯಾಲಿಫೋರ್ನಿಯಾದ ನಗರದಲ್ಲಿ ಅಕ್ಕಪಕ್ಕದ ವಾತಾವರಣ ಕೆಟ್ಟದ್ದು. ಎಂಟೊಂಬತ್ತು ವರ್ಷದವರಿದ್ದಾಗ ಆರಿಗನ್ ರಾಜ್ಯದ ಸಣ್ಣ ಊರಿನಲ್ಲಿದ್ದ ಸೋದರಮಾವನ ಮನೆಗೆ ಬಂದು ಅಲ್ಲಿಯೇ ಬೆಳೆದರು. ಪೊಲಮಾಲು ಎಂಬುದು ತಾಯಿಯ ತವರಿನ ಹೆಸರು. ಆ ಹೆಸರಿನಿಂದಲೇ ಆಡಿ ಪ್ರಸಿದ್ಧರಾಗಿ, 2007ರಲ್ಲಿ ಕಾನೂನು ಪ್ರಕಾರವೂ ಅದನ್ನೇ ತಮ್ಮದಾಗಿಸಿಕೊಂಡರು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದೊಂದಿಗೆ ಎರಡು ಸಲ ಸೂಪರ್ ಬೌಲ್ ಗೆದ್ದರು. ಆಟದ ನಡುವೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ ಅವರನ್ನು ಟಿ.ವಿ.ಯಲ್ಲಿ ಕಂಡವರು ಅನೇಕ.

ಜೂಜೂ ಸ್ಮಿತ್-ಶೂಸ್ಟರ್ ಹುಟ್ಟಿದಾಗ ಬರಿಯ ಸ್ಮಿತ್. ತಾಯಿ ಮರುಮದುವೆಯಾದರು. ತನ್ನನ್ನು ಸ್ವಂತ ಮಗನಂತೆ ಬೆಳೆಸಿದ ಮಲತಂದೆಯ ಹೆಸರನ್ನು ಆ ಮಗ ತಾನಾಗಿಯೇ ತನ್ನ ಹೆಸರಿನ ಹಿಂದೆ ಸೇರಿಸಿಕೊಂಡ. ಮಲತಂದೆ ಎಂದ ಕೂಡಲೇ ಮೂಗು ಮುರಿಯುವ ನಮ್ಮ ಸಮಾಜ ಇದನ್ನು ಸ್ವಲ್ಪ ಯೋಚಿಸಬೇಕು. ಮೊದಲಲ್ಲಿ ಹೇಳಿದ 2023ರ ಸೂಪರ್ ಬೌಲ್ ಗೆದ್ದ ತಂಡದಲ್ಲಿ ಈ ಯುವಕನೂ ಇದ್ದ. ಅಂದು ಮೈದಾನದಲ್ಲಿ ಹೆತ್ತ ತಂದೆಯ ಹೆಸರೂ ಸಾಕಿದ ತಂದೆಯ ಹೆಸರೂ ಒಂದೇ ಬೆನ್ನ ಮೇಲಿದ್ದವು.

ಒಂದು ಸ್ವಾರಸ್ಯವಿದೆ. ಆಮನ್-ರಾ, ಪೊಲಮಾಲು, ಜೂಜೂ ಮೂವರೂ ಓದಿದ್ದು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಸಂಪ್ರದಾಯದಂತೆ ಆಟಗಾರರ ಬೆನ್ನ ಮೇಲೆ ಹೆಸರೇ ಇರುವುದಿಲ್ಲ, ಅಂಕಿ ಮಾತ್ರ. ತಂಡಕ್ಕಿಂತ ಯಾರೂ ದೊಡ್ಡವರಲ್ಲ ಎಂಬ ಪಾಠ. ಹೆಸರಿಲ್ಲದೆ ಆಡಲು ಕಲಿತವರೇ ಮುಂದೆ ಹೆಸರನ್ನು ಅಷ್ಟು ಗೌರವದಿಂದ ತೊಟ್ಟರು.

ತಾಯಿಯ ಕಡೆಯನ್ನು ನೆನೆದ ಇನ್ನೊಬ್ಬರು ಜಾಗ್ವಾರ್ಸ್ ತಂಡದ ಜಾಶ್ ಆಲನ್. ಬಫಲೋ ಬಿಲ್ಸ್ ತಂಡದಲ್ಲಿಯೂ ಅದೇ ಹೆಸರಿನ ಇನ್ನೊಬ್ಬ ಆಟಗಾರರಿದ್ದಾರೆ. 2021ರ ನವೆಂಬರ್ 7ರಂದು ಇಬ್ಬರೂ ಎದುರಾದರು. ಜಾಶ್ ಆಲನ್ ಎಸೆದ ಚೆಂಡನ್ನು ಜಾಶ್ ಆಲನ್ ಹಿಡಿದರು, ಜಾಶ್ ಆಲನ್ ಅವರನ್ನು ಜಾಶ್ ಆಲನ್ ಕೆಡವಿದರು, ಅವರ ಕೈಜಾರಿದ ಚೆಂಡನ್ನೂ ಇವರೇ ಎತ್ತಿಕೊಂಡರು! ವೀಕ್ಷಕ ವಿವರಣೆ ಕೊಡುವವರ ಪಾಡು ದೇವರಿಗೇ ಪ್ರೀತಿ. 2024ರಲ್ಲಿ ಜಾಗ್ವಾರ್ಸ್ ಆಟಗಾರರು ತಾಯಿಯ ಮನೆತನದ ಗೌರವಾರ್ಥ ತಮ್ಮ ಹೆಸರನ್ನು ಹೈನ್ಸ್-ಆಲನ್ ಎಂದು ಮಾಡಿಕೊಂಡರು.

ಆಡದ ಅಣ್ಣನ ಅಂಕಿ

ಮ್ಯಾನಿಂಗ್ ಮನೆತನದ ಹೆಸರು ಕೇಳದವರು ಆ ದೇಶದಲ್ಲಿ ವಿರಳ. ತಂದೆ ಆರ್ಚಿ 1971ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡ ಸೇರಿದವರು. ಮಗ ಪೇಟನ್ 2007 ಮತ್ತು 2016ರಲ್ಲಿ, ಕಿರಿಯ ಮಗ ಈಲಾಯ್ 2008 ಮತ್ತು 2012ರಲ್ಲಿ ಸೂಪರ್ ಬೌಲ್ ಗೆದ್ದರು. ಆದರೆ ಹಿರಿಯ ಮಗ ಕೂಪರ್ ಎಂಬುವರು ಒಬ್ಬರಿದ್ದಾರೆ. ಅವರೂ ಚೆನ್ನಾಗಿಯೇ ಆಡುತ್ತಿದ್ದರು. ಹದಿನೆಂಟರ ಹರೆಯದಲ್ಲಿ ಬೆನ್ನುಹುರಿಯ ತೊಂದರೆ ಪತ್ತೆಯಾಗಿ ಆಟ ಅಲ್ಲಿಗೇ ನಿಂತಿತು. ಅವರು ಶಾಲೆಯಲ್ಲಿ ತೊಡುತ್ತಿದ್ದ ಅಂಕಿ 18. ಪೇಟನ್ ತಮ್ಮ ವೃತ್ತಿಯ ಉದ್ದಕ್ಕೂ ಆ 18ನ್ನೇ ತೊಟ್ಟರು. ಬೆನ್ನ ಮೇಲಿನ ಹೆಸರು ತಂದೆಯದು, ಅಂಕಿ ಅಣ್ಣನದು. ಗೆದ್ದ ಮಕ್ಕಳನ್ನು ಎಲ್ಲರೂ ಎಣಿಸುತ್ತಾರೆ. ಆಡಲಾಗದೆ ಉಳಿದವನನ್ನು ನೆನೆಯುವುದು ಒಡಹುಟ್ಟಿದವರು ಮಾತ್ರ.

ಈ ಆಟದಲ್ಲಿ ಭಾರತದ ಕಡೆಯ ಹೆಸರೂ ಇಲ್ಲದಿಲ್ಲ. ತಂದೆಯ ಕಡೆಯಿಂದ ಭಾರತೀಯರಾದ ಬ್ರಾಂಡನ್ ಚಿಲ್ಲರ್ 2004ರಿಂದ ರ್‍ಯಾಮ್ಸ್ ತಂಡದಲ್ಲಿಯೂ ಆಮೇಲೆ ಪ್ಯಾಕರ್ಸ್ ತಂಡದಲ್ಲಿಯೂ ಆಡಿದರು. ಉತ್ತರ ಭಾರತದ ಆ ಮನೆಹೆಸರನ್ನು ಅಮೆರಿಕದ ಹಿಮದಲ್ಲಿ ಬೆನ್ನ ಮೇಲೆ ಹೊತ್ತು ಓಡಿದರು.

ಪ್ರಾರ್ಥನೆಯಿಂದ ಬಂದ ಹೆಸರುಗಳು

ಆಟಗಾರರಿಗಷ್ಟೇ ಅಲ್ಲ, ಆಟದ ಪಟ್ಟುಗಳಿಗೂ ಹೆಸರಿದೆ. ಅವುಗಳಲ್ಲಿ ಎರಡು ನಮ್ಮ ಕಿವಿಗೆ ಚೆನ್ನಾಗಿ ಪರಿಚಿತ. 1975ರ ಡಿಸೆಂಬರ್ 28ರಂದು ಡಲ್ಲಾಸ್ ಕೌಬಾಯ್ಸ್ ತಂಡ ಸೋಲುವ ಹೊತ್ತು. ಸುಮಾರು ಅರ್ಧ ನಿಮಿಷ ಮಾತ್ರ ಉಳಿದಿತ್ತು. ಕಥೋಲಿಕರಾದ ರೋಜರ್ ಸ್ಟಾಬಾಕ್ ಚೆಂಡನ್ನು ದೂರಕ್ಕೆ ಎಸೆದರು. ಜೊತೆಗಾರ ಹಿಡಿದು ಗೆಲ್ಲಿಸಿದರು. ಕಣ್ಣು ಮುಚ್ಚಿ ಒಂದು ನಮೋ ಮರಿಯಾ ಹೇಳಿದೆ ಎಂದರು ಸ್ಟಾಬಾಕ್. ಅಂದಿನಿಂದ ಕೊನೆಗಳಿಗೆಯ ಅಂಥ ಎಸೆತಕ್ಕೆ ಜನರ ಬಾಯಲ್ಲಿ 'ನಮೋ ಮರಿಯಾ ಎಸೆತ' ಎಂಬ ಹೆಸರೇ ನಿಂತಿತು. 1972ರ ಡಿಸೆಂಬರ್ 23ರಂದು ನೆಲಕ್ಕೆ ಬೀಳಲಿದ್ದ ಚೆಂಡನ್ನು ಸ್ಟೀಲರ್ಸ್ ತಂಡದ ಫ್ರಾಂಕೊ ಹ್ಯಾರಿಸ್ ಬಾಚಿ ಹಿಡಿದು ಓಡಿ ಗೆಲ್ಲಿಸಿದರು. ಅದಕ್ಕೆ ಜನ ಅಮಲೋದ್ಭವ ಮಾತೆಯ ಹಬ್ಬದ ಹೆಸರನ್ನು ಅನುಕರಿಸಿ ಹೆಸರಿಟ್ಟರು. ಹ್ಯಾರಿಸ್ ಅವರ ತಂದೆ ಕಪ್ಪು ಸೈನಿಕ, ತಾಯಿ ಇಟಲಿಯವರು. ಆ ಹಿಡಿತದ 50ನೆಯ ವರ್ಷದ ಸಂಭ್ರಮಕ್ಕೆ ಕೆಲವೇ ದಿನ ಇರುವಾಗ, 2022ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ನಮ್ಮ ಮಕ್ಕಳ ಬೆನ್ನ ಮೇಲೆ

ಕಸುಬಿನ ಹೆಸರು, ದಾಸ್ಯದ ಹೆಸರು, ನಾಲಿಗೆಗೆ ಹೊರಳದೆ ಮೊಟಕಾದ ಹೆಸರು, ಸಾಕಿದವರ ನೆನಪಿಗೆ ಸೇರಿಸಿದ ಹೆಸರು. ದೂರದ ದೇಶದ ಯಾವುದೋ ಆಟದ ಅಂಗಿಗಳ ಮೇಲೆ ಇಷ್ಟೆಲ್ಲ ಇದೆ. ನಮ್ಮ ಮಕ್ಕಳ ಬೆನ್ನ ಮೇಲೆ ಏನೂ ಬರೆದಿರುವುದಿಲ್ಲ. ಆದರೆ ಸಂತೆಯಲ್ಲಿ, ಶಾಲೆಯಲ್ಲಿ, ಬಸ್ ನಿಲ್ದಾಣದಲ್ಲಿ 'ನೀನು ಯಾರ ಮಗ? ಯಾರ ಮೊಮ್ಮಗಳು?' ಎಂದು ಹಿರಿಯರು ಕೇಳುತ್ತಲೇ ಇರುತ್ತಾರೆ.

ಈ ಭಾನುವಾರ ಊಟವಾದ ಮೇಲೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ನಿಮ್ಮ ಮನೆಹೆಸರು ಎಲ್ಲಿಂದ ಬಂತು ಎಂದು ಹೇಳಿ. ಗೊತ್ತಿಲ್ಲದಿದ್ದರೆ ಮನೆಯ ಅಜ್ಜಿಯನ್ನು ಕೇಳಿ. ಹಾಗೆಯೇ, ಹೆಸರಿನಲ್ಲಿ ಇಲ್ಲದಿದ್ದರೂ ನಿಮ್ಮನ್ನು ಎತ್ತಿ ಆಡಿಸಿ ಬೆಳೆಸಿದ ಸೋದರಮಾವ, ಚಿಕ್ಕಮ್ಮ, ದೊಡ್ಡಪ್ಪ ಯಾರಾದರೂ ಇದ್ದರೆ ಅವರ ಹೆಸರನ್ನೂ ಮಕ್ಕಳಿಗೆ ಹೇಳಿ. ಮಾರಿಸ್ ಜೋನ್ಸ್ ಎಂಬ ತಾತನಿಗೆ ತನ್ನ ಹೆಸರು ಮೊಮ್ಮಗನ ಬೆನ್ನ ಮೇಲೆ ಓಡುವುದನ್ನು ನೋಡುವ ಭಾಗ್ಯ ಸಿಗಲಿಲ್ಲ. ನಮ್ಮ ಹಿರಿಯರು ಇರುವಾಗಲೇ ಅವರ ಹೆಸರನ್ನು ಒಮ್ಮೆ ಬಾಯ್ತುಂಬ ಹೇಳಿಬಿಡೋಣ.